ಪಾರ್ಕಿನ್ಸನ್ಸ್‌ಗೆ ಹೊಸ ಔಷಧಿ: ದುಡ್ಡು ಯಾರದು, ಹೋಗುವುದು ಎಲ್ಲಿಗೆ?

ಅಪ್ಪನಿಗೆ ಪಾರ್ಕಿನ್ಸನ್ಸ್, ಅಂದರೆ ನಡುಕದ ಕಾಯಿಲೆ, ಬಂದ ಮೇಲೆ ಈ ವಿಷಯ ಓದಲು ಶುರು ಮಾಡಿದೆ. ಅಪ್ಪ ಹೋದ ಮೇಲೂ ಓದುವುದು ನಿಲ್ಲಲಿಲ್ಲ. ರೋಗಿಗಳ ಮನೆಯವರು ಸೇರುವ ಕಡೆ ಹೋಗುತ್ತೇನೆ, ಪತ್ರ ಬರೆದವರಿಗೆ ಉತ್ತರ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ಅದಕ್ಕೇ ಇರಬೇಕು, ಕಾಯಿಲೆಗಿಂತ ಅದರ ಸಂಶೋಧನೆಯ ಜಮಾ-ಖರ್ಚು ನನ್ನನ್ನು ಹೆಚ್ಚು ಎಳೆಯಿತು. ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ.

## ಶುರುವಿನ ಪ್ರಶ್ನೆಗಳು

ಮಾತ್ರೆ ಇದೆಯಲ್ಲ ಸಾರ್, ಮತ್ತೆ ಹೊಸ ಔಷಧಿಗೆ ಅಂತ ಯಾಕೆ ಇಷ್ಟು ದುಡ್ಡು?

ಮಾತ್ರೆ ಇದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊದಲ ಕೆಲವು ವರ್ಷ "ಕಾಯಿಲೆ ವಾಸಿಯಾಯಿತೇನೋ" ಎಂದು ಮನೆಯವರಿಗೆ ಅನ್ನಿಸುವಷ್ಟು ಚೆನ್ನಾಗಿ. ಆದರೆ ಲೆವೊಡೋಪಾ ಎಂಬ ಆ ಮಾತ್ರೆ ಮಾಡುವುದು, ಮೈ ಸಲೀಸಾಗಿ ಆಡಲು ಮೆದುಳಿಗೆ ಬೇಕಾದ ಡೋಪಮೀನ್ ಎಂಬ ರಾಸಾಯನಿಕ ಕಡಿಮೆಯಾದಾಗ ಅದನ್ನು ತುಂಬಿಕೊಡುವ ಕೆಲಸ. ಡೋಪಮೀನ್ ತಯಾರಿಸುವ ಜೀವಕೋಶಗಳು ಸಾಯುವುದನ್ನು ಅದು ನಿಲ್ಲಿಸುವುದಿಲ್ಲ. ತೂತು ಕೊಡಕ್ಕೆ ನೀರು ಹೊಯ್ಯುತ್ತಾ ಇದ್ದ ಹಾಗೆ.

ವರ್ಷ ಕಳೆದಂತೆ ಒಂದು ಮಾತ್ರೆಯ ಪ್ರಭಾವ ಬೇಗ ಬೇಗ ಇಳಿಯುತ್ತದೆ. ಏರಿದಾಗ ಮೈ ತಾನಾಗಿ ತಿರುಚಿಕೊಳ್ಳುತ್ತದೆ, ಇಳಿದಾಗ ಕಾಲು ನೆಲಕ್ಕೆ ಅಂಟಿಕೊಂಡಂತಾಗುತ್ತದೆ. ಮಲಬದ್ಧತೆ, ನಿದ್ದೆಯ ತೊಂದರೆ, ಕೊನೆಕೊನೆಗೆ ಬರುವ ಮರೆವು, ಇವಕ್ಕೆ ಈ ಮಾತ್ರೆಯಿಂದ ಹೆಚ್ಚು ಉಪಯೋಗವಿಲ್ಲ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದಿದ್ದು 1817ರಲ್ಲಿ. ಇನ್ನೂರು ವರ್ಷ ದಾಟಿದೆ. ಕಾಯಿಲೆಯ ಓಟವನ್ನೇ ನಿಧಾನ ಮಾಡುತ್ತದೆ ಎಂದು ಸಾಬೀತಾದ ಔಷಧಿ ಇನ್ನೂ ಒಂದೂ ಇಲ್ಲ. ದುಡ್ಡು ಬೇಕಾಗಿರುವುದು ಅದಕ್ಕೆ.

ಲೆವೊಡೋಪಾ ಕಂಡುಹಿಡಿಯೋಕೆ ಯಾರು ದುಡ್ಡು ಹಾಕಿದ್ರು?

ಈ ಪ್ರಶ್ನೆ ನನಗೆ ಬಹಳ ಇಷ್ಟ. ಕತೆಗೆ ನಮ್ಮ ಕಡೆಯ ಎರಡು ಗಿಡಗಳ ನಂಟಿದೆ.

ಮೊದಲನೆಯದು ಸರ್ಪಗಂಧ. ಅದರ ಬೇರಿನಿಂದ ತೆಗೆದ ರೆಸರ್ಪೀನ್ ಒಂದು ಕಾಲಕ್ಕೆ ಬಿಪಿ ಔಷಧಿ. 1957ರ ಸುಮಾರಿಗೆ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಅದನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಅಲ್ಲಾಡದೆ ಮುದುಡಿ ಕೂತವು. ಎಲ್-ಡೋಪಾ (ಲೆವೊಡೋಪಾದ್ದೇ ಇನ್ನೊಂದು ಹೆಸರು) ಕೊಟ್ಟಾಗ ಮತ್ತೆ ಓಡಾಡಿದವು. ಇದೇ ಕೆಲಸಕ್ಕೆ ಅವರಿಗೆ 2000ರಲ್ಲಿ ನೊಬೆಲ್ ಬಂತು. 1960ರಲ್ಲಿ ಒಲೆ ಹೊರ್ನಿಕೀವಿಚ್ ಎಂಬವರು ತೀರಿಹೋದ ರೋಗಿಗಳ ಮೆದುಳಿನಲ್ಲಿ ಡೋಪಮೀನ್ ತೀರಾ ಕಡಿಮೆ ಇದೆ ಎಂದು ವಿಯೆನ್ನಾದಲ್ಲಿ ತೋರಿಸಿದರು. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ದೊಡ್ಡ ಡೋಸನ್ನು ನಿಧಾನವಾಗಿ ಏರಿಸುತ್ತಾ ಕೊಟ್ಟು ರೋಗಿಗಳನ್ನು ನಡೆಸಿದರು. ಅವರು ಇದ್ದದ್ದು ಅಮೆರಿಕದ ಅಣುಶಕ್ತಿ ಆಯೋಗದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ಅದಕ್ಕೆ ಮುಂಚೆ ಅವರ ತಲೆಯಲ್ಲಿದ್ದದ್ದು ಮ್ಯಾಂಗನೀಸ್ ದೂಳಿನಿಂದ ಇಂಥದೇ ಲಕ್ಷಣ ಬಂದ ಚಿಲಿ ದೇಶದ ಗಣಿ ಕಾರ್ಮಿಕರು. ಅಣುಶಕ್ತಿಗೆಂದು ಜನ ಕಟ್ಟಿದ ತೆರಿಗೆ, ನಡುಕದ ಕಾಯಿಲೆಗೆ ಮದ್ದಾಗಿ ಬಂತು ನೋಡಿ.

ಎರಡನೆಯ ಗಿಡ ನಸುಗುನ್ನಿ. ಮುಟ್ಟಿದರೆ ಮೈಯೆಲ್ಲ ತುರಿಕೆ ಬರುತ್ತದಲ್ಲ, ಅದೇ. ಅದರ ಬೀಜದಿಂದ ಎಲ್-ಡೋಪಾವನ್ನು 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಆಗ ಅದರ ಬೆಲೆ ಯಾರಿಗೂ ಗೊತ್ತಿರಲಿಲ್ಲ. ಆಯುರ್ವೇದದವರು ಕಂಪವಾತಕ್ಕೆ ಈ ಬೀಜ ಕೊಡುವುದು ಸುಮ್ನೆ ಅಲ್ಲ. ಹಾಗಂತ ಮಾತ್ರೆ ನಡೆಯುತ್ತಿರುವಾಗ ಮೇಲಿಂದ ಪುಡಿಯನ್ನೂ ತಿಂದರೆ ಡೋಸ್ ಎಷ್ಟಾಯಿತೆಂದು ನಿಮಗೂ ತಿಳಿಯದು, ಡಾಕ್ಟರಿಗೂ ತಿಳಿಯದು.

ಈಗ ಯಾರ್ಯಾರು ದುಡ್ಡು ಕೊಡ್ತಾರೆ?

ಮುಖ್ಯವಾಗಿ ಮೂರು ಕಡೆಯವರು: ಸರ್ಕಾರ, ಔಷಧಿ ಕಂಪನಿ, ದತ್ತಿ ಸಂಸ್ಥೆ. ಬೋರ್‌ವೆಲ್ ಕೊರೆಸಿದವರಿಗೆ ಬೇಗ ಅರ್ಥವಾಗುತ್ತದೆ. ಊರಿನ ನೆಲ ಹೇಗಿದೆ, ಕೆಳಗೆ ಎಂಥ ಬಂಡೆ ಇದೆ ಎಂದು ಸರ್ವೆ ಮಾಡುವುದು ಸರ್ಕಾರದ ದುಡ್ಡು. ನೀರು ಬರುತ್ತದೆ ಎಂದು ಹೆಚ್ಚುಕಮ್ಮಿ ಖಾತ್ರಿಯಾದ ಮೇಲೆ ಪಂಪು, ಪೈಪು ಹಾಕಿ ನೀರು ಮಾರುವವರು ಕಂಪನಿಯವರು. ನಡುವೆ, ಬರುತ್ತೋ ಇಲ್ಲವೋ ಗೊತ್ತಿಲ್ಲದೆ ಮೊದಲ ಇನ್ನೂರು ಅಡಿ ಕೊರೆಯಬೇಕಲ್ಲ, ಆ ದುಡ್ಡು ಹುಟ್ಟುವುದೇ ಕಷ್ಟ. ದತ್ತಿ ಸಂಸ್ಥೆಗಳು ಹೆಚ್ಚಾಗಿ ನಿಲ್ಲುವುದು ಅಲ್ಲಿ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಈ ಕಾಯಿಲೆಯ ಸಂಶೋಧನೆಗೆ ವರ್ಷಕ್ಕೆ 20 ಕೋಟಿ ಡಾಲರ್‌ಗೂ ಜಾಸ್ತಿ ಕೊಡುತ್ತಾ ಬಂದಿದೆ. ಅದೂ ಕೇಳದೆ ಬಂದದ್ದಲ್ಲ. ಪಾರ್ಕಿನ್ಸನ್ಸ್ ಇದ್ದ ಸಂಸದ ಮೋರಿಸ್ ಉಡಾಲ್ ಹೆಸರಿನಲ್ಲಿ 1997ರಲ್ಲಿ ಕಾನೂನಾಯಿತು. 2024ರ ಜುಲೈನಲ್ಲಿ ಈ ಕಾಯಿಲೆ ಕೊನೆಗಾಣಿಸಲು ರಾಷ್ಟ್ರೀಯ ಯೋಜನೆ ಬೇಕೆಂಬ ಇನ್ನೊಂದು ಕಾನೂನಿಗೆ ಸಹಿ ಬಿತ್ತು. ಎರಡರ ಹಿಂದೆಯೂ ರೋಗಿಗಳು, ಅವರ ಮನೆಯವರು ಇದ್ದರು.

ಆ ಸಿನಿಮಾ ನಟ ಮೈಕೆಲ್ ಜೆ. ಫಾಕ್ಸ್ ಅಷ್ಟೊಂದು ದುಡ್ಡು ಕೂಡಿಸಿದ್ದು ಹೇಗೆ?

ಅವರಿಗೆ ಕಾಯಿಲೆ ಗೊತ್ತಾಗಿದ್ದು 1991ರಲ್ಲಿ, 29ನೇ ವಯಸ್ಸಿಗೆ. ಏಳು ವರ್ಷ ಮುಚ್ಚಿಟ್ಟುಕೊಂಡರು. 1998ರಲ್ಲಿ ಹೇಳಿದರು, 2000ದಲ್ಲಿ ಪ್ರತಿಷ್ಠಾನ ಶುರು ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ 200 ಕೋಟಿ ಡಾಲರ್‌ಗೂ ಹೆಚ್ಚು ಹಣ ಅದರ ಮೂಲಕ ಸಂಶೋಧನೆಗೆ ಹೋಗಿದೆ. ರೂಪಾಯಿ ಲೆಕ್ಕದಲ್ಲಿ ಹದಿನೇಳು ಸಾವಿರ ಕೋಟಿಯ ಆಸುಪಾಸು.

ಬ್ಯಾಂಕಿನವನಾದ ನನಗೆ ಹಿಡಿಸಿದ್ದು ಒಂದು ವಿಷಯ. ಅವರು ಮೂಲಧನ ಕೂಡಿಟ್ಟು ಬಡ್ಡಿಯಲ್ಲಿ ಸಂಸ್ಥೆ ನಡೆಸುವುದಿಲ್ಲ. ಬಂದಿದ್ದನ್ನು ಖರ್ಚು ಮಾಡುತ್ತಾರೆ. ನೂರು ವರ್ಷ ಬಾಳುವ ಇರಾದೆಯೇ ಇಲ್ಲ, ಕೆಲಸ ಮುಗಿಸಿ ಬಾಗಿಲು ಹಾಕುವ ಇರಾದೆ.

## ಸ್ವಲ್ಪ ಒಳಗೆ ಹೋದರೆ

ಇಷ್ಟು ಕೋಟಿ ಸುರಿದ್ರೂ ಯಾಕೆ ಔಷಧಿ ಬಂದಿಲ್ಲ? ಯಾರೋ ತಿಂತಿದ್ದಾರೆ ಅಲ್ವಾ?

ತಿನ್ನುವವರು ಎಲ್ಲ ಕಡೆ ಇರುತ್ತಾರೆ, ಆದರೆ ಇಲ್ಲಿ ಮುಖ್ಯ ಕಾರಣ ಅದಲ್ಲ.

ಕೈ ನಡುಗಲು ಶುರುವಾಗುವ ಹೊತ್ತಿಗೆ ಮೆದುಳಿನ ಆ ಭಾಗದ ಜೀವಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬೀಸುವುದು, ಇವು ವರ್ಷಗಳ ಹಿಂದೆಯೇ ಬಂದಿರಬಹುದು. ಬೆಂಕಿ ಹತ್ತಿದ್ದು ಅಡುಗೆಮನೆಯಲ್ಲಿ, ನಾವು ಬಕೆಟ್ ಹಿಡಿದು ಬರುವುದು ಮಾಡು ಉರಿಯುವಾಗ.

ಇನ್ನೊಂದು ತೊಡಕು ಅಳತೆಯದು. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಔಷಧಿ ಕೆಲಸ ಮಾಡಿತೋ ಇಲ್ಲವೋ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಇಲ್ಲಿ ಡಾಕ್ಟರು ಬೆರಳು ತಟ್ಟಿಸಿ, ನಡೆಸಿ ನೋಡಿ ಅಂಕ ಹಾಕಬೇಕು. ಆ ಅಂಕ ಬೆಳಗ್ಗೆ ಒಂದು, ಸಂಜೆ ಒಂದು. ಹಾಗಾಗಿ ನೂರಾರು ಜನರನ್ನು ವರ್ಷಗಟ್ಟಲೆ ನೋಡಬೇಕು, ಖರ್ಚು ಏರುತ್ತದೆ.

ಅದಕ್ಕೇ ಫಾಕ್ಸ್ ಪ್ರತಿಷ್ಠಾನ 2010ರಲ್ಲಿ ಔಷಧಿಯನ್ನೇ ಪರೀಕ್ಷಿಸದ ಒಂದು ಅಧ್ಯಯನ ಶುರು ಮಾಡಿತು. ರೋಗಿಗಳನ್ನೂ ಆರೋಗ್ಯವಂತರನ್ನೂ ಸುಮ್ಮನೆ ವರ್ಷ ವರ್ಷ ಪರೀಕ್ಷಿಸಿ, ರಕ್ತ, ಬೆನ್ನುಹುರಿಯ ದ್ರವ, ಸ್ಕ್ಯಾನ್ ಎಲ್ಲ ಕೂಡಿಡುವುದು. "ಇದರಿಂದ ರೋಗಿಗೆ ಏನು ಬಂತು?" ಎಂದು ಆಗ ಕೇಳಬಹುದಿತ್ತು. 2023ರಲ್ಲಿ ಉತ್ತರ ಬಂತು. ಆ ಅಧ್ಯಯನದ 1,123 ಜನರ ಬೆನ್ನುಹುರಿಯ ದ್ರವ ಪರೀಕ್ಷಿಸಿ, ಈ ಕಾಯಿಲೆಯಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಕೆಟ್ಟು ಗಂಟುಕಟ್ಟುವುದನ್ನು ಬದುಕಿರುವಾಗಲೇ ಪತ್ತೆಹಚ್ಚಬಹುದು ಎಂದು ತೋರಿಸಿದರು. ಅಂದರೆ ಅಡುಗೆಮನೆಯ ಹೊಗೆ ಕಾಣಿಸುವ ಕಿಟಕಿ ಸಿಕ್ಕಿತು. ನನ್ನನ್ನು ಕೇಳಿದರೆ, ಈ ಇಪ್ಪತ್ತೈದು ವರ್ಷಗಳಲ್ಲಿ ಅತಿ ಚೆನ್ನಾಗಿ ಖರ್ಚಾದ ಹಣ ಇದೇ.

ಸೋತ ಪ್ರಯೋಗದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ತಾನೆ?

ಎಲ್ಲವೂ ಅಲ್ಲ. ಎಕ್ಸೆನಟೈಡ್ ಎಂಬ ಔಷಧಿಯ ಕತೆ ಕೇಳಿ. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಇದೆ. ಅದರ ಜೊಲ್ಲಿನಲ್ಲಿ ಸಿಕ್ಕ ವಸ್ತುವಿನ ನಕಲು ಇದು, ಸಕ್ಕರೆ ಕಾಯಿಲೆಗೆ ಬಳಕೆಯಲ್ಲಿತ್ತು. ಪಾರ್ಕಿನ್ಸನ್ಸ್ ಇದ್ದ ಟಾಮ್ ಐಸಾಕ್ಸ್ ಮತ್ತು ಮೂವರು ಗೆಳೆಯರು 2005ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ 'ಕ್ಯೂರ್ ಪಾರ್ಕಿನ್ಸನ್ಸ್' ಸಂಸ್ಥೆ ಇದರ ಮೊದಲ ಸಣ್ಣ ಪ್ರಯೋಗಕ್ಕೆ ದುಡ್ಡು ಕೊಟ್ಟಿತು. 2017ರಲ್ಲಿ 62 ಜನರ ಪ್ರಯೋಗದಲ್ಲಿ ಒಳ್ಳೆಯ ಫಲಿತಾಂಶ ಬಂತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ 194 ಜನರಿಗೆ 96 ವಾರ ಕೊಟ್ಟು ನೋಡಿದರು. 2025ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು: ಉಪಯೋಗವಿಲ್ಲ.

ಆ ದಿನ ನನಗೂ ಊಟ ಸೇರಲಿಲ್ಲ. ಆದರೆ ಆ ದೊಡ್ಡ ಪ್ರಯೋಗ ಮಾಡದೇ ಇದ್ದಿದ್ದರೆ? ಲಕ್ಷಾಂತರ ಜನ ಆ ಇಂಜೆಕ್ಷನ್ ಚುಚ್ಚಿಸಿಕೊಂಡು, ಸಾಲ ಮಾಡಿ, ತೂಕ ಕಳೆದುಕೊಂಡು ಕೂರುತ್ತಿದ್ದರು. ಕೋಎನ್‌ಜೈಮ್ ಕ್ಯೂ10 ಎಂಬ ಪೂರಕ ಮಾತ್ರೆಯ ವಿಷಯದಲ್ಲಿ ಆಗಿದ್ದು ಅದೇ. 600 ಜನರ ಪ್ರಯೋಗವನ್ನು ಪ್ರಯೋಜನವಿಲ್ಲ ಎಂದು 2011ರಲ್ಲೇ ನಿಲ್ಲಿಸಿದರು. ಆದರೂ ನಮ್ಮ ಮೆಡಿಕಲ್ ಶಾಪಿನಲ್ಲಿ ಇವತ್ತಿಗೂ ಅದನ್ನು "ನರಕ್ಕೆ ಒಳ್ಳೆಯದು" ಎಂದು ಕೊಡುತ್ತಾರೆ. ಸೋಲನ್ನು ಪ್ರಕಟಿಸದೆ ಬೀರುವಿನಲ್ಲಿಟ್ಟರೆ ಮಾತ್ರ ಹುಣಸೆಹಣ್ಣು ಹೊಳೆಗೆ ಹೋದ ಹಾಗೆ.

ಅದೇ ಗುಂಪಿನ ಇನ್ನೊಂದು ಔಷಧಿ ಲಿಕ್ಸಿಸೆನಟೈಡ್. 2024ರಲ್ಲಿ ಫ್ರಾನ್ಸಿನಲ್ಲಿ 156 ಜನರ ಪ್ರಯೋಗದಲ್ಲಿ ಒಂದು ವರ್ಷಕ್ಕೆ ಸಣ್ಣ ಫರಕು ಕಾಣಿಸಿತ್ತು. ಹಾಗಾಗಿ ಆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಕಂಪನಿಗಳಿಗೆ ರೋಗ ವಾಸಿಯಾಗೋದು ಬೇಡವಂತೆ, ಮಾತ್ರೆ ಮಾರಿದ್ರೆ ಸಾಕಂತೆ. ನಿಜವಾ?

ಲೆವೊಡೋಪಾದ ಪೇಟೆಂಟ್ ಮುಗಿದು ದಶಕಗಳಾದವು. ಅದನ್ನು ಮಾರಿ ಯಾರೂ ಅರಮನೆ ಕಟ್ಟುತ್ತಿಲ್ಲ. ಕಾಯಿಲೆ ನಿಧಾನ ಮಾಡುವ ಔಷಧಿ ಯಾರಿಗೆ ಸಿಕ್ಕಿದರೂ ಅವರಿಗೆ ಚಿನ್ನದ ಗಣಿ. ರೋಷ್ ಕಂಪನಿ ಪ್ರಾಸಿನೆಜುಮ್ಯಾಬ್ ಎಂಬ ಔಷಧಿಗೆ, ಬಯೋಜೆನ್ ಕಂಪನಿ ಸಿನ್‌ಪನೆಮ್ಯಾಬ್ ಎಂಬುದಕ್ಕೆ ದುಡ್ಡು ಸುರಿದದ್ದು ಅದಕ್ಕೇ. ಎರಡನೆಯದು ಸೋತಿತು.

ತೊಂದರೆ ಇರುವುದು ಸಂಚಿನಲ್ಲಲ್ಲ, ತಾಳ್ಮೆಯಲ್ಲಿ. 2018ರ ಜನವರಿಯಲ್ಲಿ ಫೈಜರ್ ಕಂಪನಿ ಆಲ್ಜೈಮರ್ಸ್, ಪಾರ್ಕಿನ್ಸನ್ಸ್‌ಗೆ ಹೊಸ ಔಷಧಿ ಹುಡುಕುವುದನ್ನೇ ನಿಲ್ಲಿಸಿತು, ಸುಮಾರು 300 ಜನರ ಕೆಲಸ ಹೋಯಿತು. ಕೈಯಲ್ಲಿದ್ದ ಕೆಲವು ಔಷಧಿಗಳು ಸೆರೆವೆಲ್ ಎಂಬ ಹೊಸ ಕಂಪನಿಗೆ ಹೋದವು. ಅವುಗಳಲ್ಲಿ ಒಂದಾದ ಟವಪಡಾನ್, ರೋಗಲಕ್ಷಣ ಕಡಿಮೆ ಮಾಡುವ ಮಾತ್ರೆ, ಮುಂದೆ ಮೂರನೇ ಹಂತದ, ಅಂದರೆ ಅನುಮತಿ ಕೇಳುವ ಮುಂಚಿನ ದೊಡ್ಡ ಪ್ರಯೋಗಗಳನ್ನು ದಾಟಿತು. ಫೈಜರ್ ಕೈಬಿಟ್ಟದ್ದು ಇದು.

ಕೆಮ್ಮಿನ ಸಿರಪ್ಪು, ಬಿಪಿ ಮಾತ್ರೆ ಪಾರ್ಕಿನ್ಸನ್ಸ್‌ಗೆ ಆಗುತ್ತಂತೆ. ಈಗಲೇ ಶುರು ಮಾಡಬಹುದಾ?

ಬೇಡ. ಸುದ್ದಿ ಅರ್ಧ ನಿಜ.

ಕೆಮ್ಮಿಗೆ ಕೊಡುವ ಆಂಬ್ರಾಕ್ಸಾಲ್, ಜಿಬಿಎ1 ಎಂಬ ಜೀನ್‌ಗೆ ಸಂಬಂಧಿಸಿದ ಕಿಣ್ವವೊಂದನ್ನು ಚುರುಕು ಮಾಡುತ್ತದೆ. ಜೀವಕೋಶದ ಕಸ ವಿಲೇವಾರಿ ಮಾಡುವ ಕಿಣ್ವ ಅದು. 2020ರಲ್ಲಿ ಲಂಡನ್ನಿನಲ್ಲಿ 17 ಜನರ ಮೇಲೆ ನಡೆದ ಪ್ರಯೋಗದಲ್ಲಿ ಕೊಟ್ಟ ಡೋಸ್ ದಿನಕ್ಕೆ 1.26 ಗ್ರಾಂ. ನಮ್ಮ ಮಾಮೂಲಿ 30 ಮಿಲಿಗ್ರಾಂ ಮಾತ್ರೆಯ ಲೆಕ್ಕದಲ್ಲಿ ದಿನಕ್ಕೆ 42 ಮಾತ್ರೆ! ಸಿರಪ್ಪಿನ ಬಾಟಲಿ ಎತ್ತಿ ಕುಡಿದರೆ ಆಗುವ ಕೆಲಸವಲ್ಲ. ಈಗ ಬ್ರಿಟನ್ನಿನಲ್ಲಿ ಸುಮಾರು 330 ಜನರ ಮೂರನೇ ಹಂತದ ಪ್ರಯೋಗ ನಡೆಯುತ್ತಿದೆ, ಒಬ್ಬೊಬ್ಬರಿಗೆ ಎರಡು ವರ್ಷ. ಟೆಲ್ಮಿಸಾರ್ಟನ್ ಬಿಪಿ ಮಾತ್ರೆಯೂ ಅಲ್ಲಿಯದೇ ಇನ್ನೊಂದು ದೊಡ್ಡ ಪ್ರಯೋಗದಲ್ಲಿದೆ. 1,600 ಜನ, ಹಲವು ಔಷಧಿ, ಹೋಲಿಸಿ ನೋಡಲು ಒಂದೇ ಪ್ಲಾಸಿಬೋ (ಔಷಧಿಯಿಲ್ಲದ ಬರೀ ಮಾತ್ರೆ) ಗುಂಪು. ಕೆಲಸಕ್ಕೆ ಬಾರದ ಔಷಧಿಯನ್ನು ನಡುವೆಯೇ ಕೈಬಿಟ್ಟು ಹೊಸದನ್ನು ಸೇರಿಸುತ್ತಾರೆ. ಪ್ರತಿ ಔಷಧಿಗೂ ಹೊಸದಾಗಿ ಚಪ್ಪರ ಹಾಕುವ ಬದಲು ಒಂದೇ ಚಪ್ಪರದಲ್ಲಿ ಸಾಮೂಹಿಕ ಮದುವೆ ಮಾಡಿದ ಹಾಗೆ.

ಗಮನಿಸಿ, ಇವೆಲ್ಲ ಪೇಟೆಂಟ್ ಇಲ್ಲದ ಅಗ್ಗದ ಔಷಧಿ. ಗೆದ್ದರೂ ಯಾವ ಕಂಪನಿಗೂ ಲಾಭವಿಲ್ಲ. ಸರ್ಕಾರ ಮತ್ತು ದತ್ತಿ ಸಂಸ್ಥೆಗಳ ದುಡ್ಡು ಇಲ್ಲದಿದ್ದರೆ ಈ ಪ್ರಯೋಗಗಳು ನಡೆಯುತ್ತಲೇ ಇರಲಿಲ್ಲ. ಸಾವಿರ ರೂಪಾಯಿ ಕೊಡುವವನ ಸಾವಿರಕ್ಕೆ ಜಾಸ್ತಿ ಬೆಲೆ ಇರುವುದು ಇಂಥ ಕಡೆ.

ಒಬ್ಬ ಶ್ರೀಮಂತ ಕೋಟಿಗಟ್ಟಲೆ ಕೊಟ್ಟರೆ ಅವನಿಗೆ ಬೇಕಾದ್ದೇ ಸಂಶೋಧನೆ ಆಗಲ್ವಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಗೂಗಲ್ ಕಟ್ಟಿದವರಲ್ಲಿ ಒಬ್ಬರಾದ ಸರ್ಗೇ ಬ್ರಿನ್ ಅವರ ತಾಯಿಗೆ ಪಾರ್ಕಿನ್ಸನ್ಸ್. ತಮ್ಮಲ್ಲೂ ಎಲ್‌ಆರ್‌ಆರ್‌ಕೆ2 ಎಂಬ ಜೀನ್‌ನ ದೋಷವಿದೆ ಎಂದು ಅವರು 2008ರಲ್ಲಿ ಬರೆದರು. ಈವರೆಗೆ ಕೊಟ್ಟಿದ್ದು 100 ಕೋಟಿ ಡಾಲರ್‌ಗೂ ಹೆಚ್ಚು. ಎಲ್‌ಆರ್‌ಆರ್‌ಕೆ2 ಸಂಶೋಧನೆ ಬಿರುಸಾಗಿರುವುದಕ್ಕೂ ಇದಕ್ಕೂ ನಂಟಿದೆ. ಆ ದೋಷ ಯಹೂದಿಗಳಲ್ಲಿ, ಉತ್ತರ ಆಫ್ರಿಕಾದವರಲ್ಲಿ ಜಾಸ್ತಿ. ಭಾರತೀಯರಲ್ಲಿ ಅಪರೂಪ.

ಹಾಗಂತ ಗೊಣಗುವಂತೆಯೂ ಇಲ್ಲ. ಅವರದೇ ಹಣದ ಇನ್ನೊಂದು ಯೋಜನೆ ಜಗತ್ತಿನ ಎಲ್ಲ ಕಡೆಯ ರೋಗಿಗಳ ಜೀನ್ ಓದುತ್ತಿದೆ. ಅದರಲ್ಲಿ 2023ರಲ್ಲಿ ನೈಜೀರಿಯಾದ ರೋಗಿಗಳನ್ನು ನೋಡಿದಾಗ, ಯುರೋಪಿನವರಲ್ಲಿ ಕಾಣದಿದ್ದ ಜಿಬಿಎ1 ವ್ಯತ್ಯಾಸವೊಂದು ಸಿಕ್ಕಿತು. ಹುಡುಕದೆ ಇದ್ದರೆ ಸಿಗುತ್ತಿರಲಿಲ್ಲ. ನಮ್ಮವರ ಜೀನ್‌ನಲ್ಲಿ ಏನಿದೆ ಎಂದು ನಾವೇ ದುಡ್ಡು ಹಾಕಿ ನೋಡಬೇಕು ಎನ್ನುವುದು ಇದಕ್ಕೇ.

## ನಮ್ಮ ನೆಲದಲ್ಲಿ

ಕರ್ನಾಟಕದಲ್ಲಿ ಏನಾದ್ರೂ ನಡೀತಿದೆಯಾ?

ನಡೆಯುತ್ತಿದೆ, ಆದರೆ ಕಾಯಿಲೆಯ ಗಾತ್ರಕ್ಕೆ ಹೋಲಿಸಿದರೆ ಕಡಿಮೆ. ನಿಮ್ಹಾನ್ಸ್‌ನವರು ಬೆಂಗಳೂರು ನಗರ, ಹಳ್ಳಿ ಸೇರಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದ್ದರು. ಲಕ್ಷಕ್ಕೆ 33 ಜನರಲ್ಲಿ ಈ ಬಗೆಯ ಕಾಯಿಲೆ ಕಂಡಿತು. ಮುಂಬೈನ ಪಾರ್ಸಿ ಕಾಲೊನಿಗಳಲ್ಲಿ 1988ರಲ್ಲಿ ಸಿಕ್ಕ ಲೆಕ್ಕ ಲಕ್ಷಕ್ಕೆ 328. ಪಾರ್ಸಿಗಳಲ್ಲಿ ವಯಸ್ಸಾದವರು ಹೆಚ್ಚು ಎನ್ನುವುದೂ ಇದಕ್ಕೆ ಒಂದು ಕಾರಣ. ನಮ್ಮಲ್ಲೂ ವಯಸ್ಸಾದವರು ಹೆಚ್ಚುತ್ತಿದ್ದಾರೆ.

ದತ್ತಿಯ ವಿಷಯಕ್ಕೆ ಬಂದರೆ, ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಕುಟುಂಬದ ಟ್ರಸ್ಟ್ 225 ಕೋಟಿ ರೂಪಾಯಿ ಕೊಡುವುದಾಗಿ ಹೇಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆದುಳು ಸಂಶೋಧನಾ ಕೇಂದ್ರ ಎದ್ದಿತು. ಅವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹಿರಿಯರ ಮೆದುಳಿನ ಆರೋಗ್ಯವನ್ನು ವರ್ಷ ವರ್ಷ ನೋಡುತ್ತಿದ್ದಾರೆ. ಅಲ್ಲಿ ಒತ್ತು ಮರೆವಿನ ಕಾಯಿಲೆಗೆ. ಆದರೆ ಹಳ್ಳಿಯವರ ಮಾಹಿತಿಯನ್ನು ಇಷ್ಟು ವರ್ಷ ಕೂಡಿಡುವ ಕೆಲಸಕ್ಕೆ ಹಣ ಬಂದದ್ದೇ ದೊಡ್ಡದು.

ನಂಗೆ ಐದು ಸಾವಿರ ಕೊಡಬೇಕು ಅಂತಿದೆ. ಮಗ ಅಮೆರಿಕದಲ್ಲಿದ್ದಾನೆ, ಅವನೂ ಕೊಡ್ತಾನಂತೆ. ಹೇಗೆ?

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಸಂಶೋಧನೆಗೋ, ಈಗಿರುವ ರೋಗಿಗಳ ಆರೈಕೆಗೋ? ಎರಡೂ ಒಳ್ಳೆಯದು, ಎರಡೂ ಬೇರೆ. ಎಷ್ಟೋ ಸಂಸ್ಥೆಗಳು ವ್ಯಾಯಾಮ, ಆಪ್ತಸಲಹೆ ನಡೆಸುತ್ತವೆ, ಸಂಶೋಧನೆ ಮಾಡುವುದಿಲ್ಲ. ಕೊಡುವ ಮುಂಚೆ ಕಳೆದ ವರ್ಷದ ಆಡಿಟ್ ವರದಿ ಕೇಳಿ. ಕೇಳಿದರೆ ಮುಖ ಸಿಂಡರಿಸುವವರಿಗೆ ಕೊಡಬೇಡಿ.

ತೆರಿಗೆ ರಿಯಾಯಿತಿ, ನಾವೆಲ್ಲ 80ಜಿ ಎಂದು ಕರೆಯುತ್ತಾ ಬಂದದ್ದು, ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದೂ ಇಲ್ಲ. ಚೆಕ್ ಅಥವಾ ಆನ್‌ಲೈನ್ ಮಾಡಿ.

ಮಗನ ವಿಷಯ: ಅವನ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಆಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ವಿದೇಶಿ ದೇಣಿಗೆಯ ಕಾನೂನಿನ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. ಅಂಥವನು ಅಲ್ಲಿಯ ಸಂಸ್ಥೆಗೇ ಕೊಡುವುದು ಸುಲಭ.

ಸ್ಟೆಮ್ ಸೆಲ್ ಹಾಕ್ತೀವಿ ಅಂತ ಲಕ್ಷಗಟ್ಟಲೆ ಕೇಳ್ತಿದ್ದಾರೆ. ಅದೂ ಸಂಶೋಧನೆನೇ ಅಲ್ವಾ?

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ. ಅಪ್ಪನಿಗೂ ಒಂದು ಕಡೆ ಹೀಗೇ ಹೇಳಿದ್ದರು. ಪ್ಯಾಕೇಜ್ ದರ, ಮುಂಗಡ, ಕೊನೆಗೆ ಕಂತೂ ಇತ್ತು. ಅಪ್ಪ ಸೈಟು ಮಾರುವ ಮಾತಾಡಿದರು. ನಮ್ಮ ಪುಣ್ಯ, ಮಾರಲಿಲ್ಲ.

ನಿಯಮ ಸರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಕೆಲವು ರಕ್ತಸಂಬಂಧಿ ಕಾಯಿಲೆಗಳಂಥವು ಬಿಟ್ಟರೆ ಬೇರೆಲ್ಲದಕ್ಕೂ ಸ್ಟೆಮ್ ಸೆಲ್ ಬಳಕೆ ಪ್ರಯೋಗದ ಒಳಗೆ ಮಾತ್ರ. ಪ್ರಯೋಗವಾದರೆ ರೋಗಿಯ ಹತ್ತಿರ ದುಡ್ಡು ತೆಗೆದುಕೊಳ್ಳುವಂತಿಲ್ಲ. ದುಡ್ಡು ಕೇಳಿದರು ಎಂದರೆ ಅದು ಸಂಶೋಧನೆಯಲ್ಲ, ಅಂಗಡಿ. ನಿಜವಾದ ಪ್ರಯೋಗಗಳೂ ಇವೆ. ಜಪಾನಿನ ಕ್ಯೋಟೋದಲ್ಲಿ 7 ಜನರಿಗೆ, ಅಮೆರಿಕ ಮತ್ತು ಕೆನಡಾದಲ್ಲಿ 12 ಜನರಿಗೆ ಹೊಸ ಜೀವಕೋಶ ಕಸಿ ಮಾಡಿದ ವರದಿಗಳು 2025ರಲ್ಲಿ ಬಂದವು. ಸುರಕ್ಷಿತ ಎಂದು ಕಾಣುತ್ತಿದೆ, ಎಷ್ಟು ಉಪಯೋಗ ಎನ್ನುವುದಕ್ಕೆ ದೊಡ್ಡ ಪ್ರಯೋಗ ಬೇಕು. ಒಬ್ಬರಿಂದಲೂ ಸೈಟು ಮಾರಿಸಲಿಲ್ಲ.

ದುಡ್ಡಿಲ್ಲ. ಬೇರೆ ಏನು ಕೊಡಬಹುದು?

ಸಮಯ ಕೊಡಬಹುದು. ಎಷ್ಟೋ ಪ್ರಯೋಗಗಳು ತಡವಾಗುವುದು ಜನ ಸಾಲದೆ. ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಯಾರು ಬೇಕಾದರೂ ನೋಡಬಹುದು. ಅಲ್ಲಿ ಇಲ್ಲದ ಪ್ರಯೋಗಕ್ಕೆ ಸೇರಬೇಡಿ. ಹೊಸ ಔಷಧಿಯ ಪ್ರಯೋಗದಲ್ಲಿ ಔಷಧಿಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ 2019ರ ನಿಯಮಗಳಲ್ಲಿವೆ. ಸಹಿ ಹಾಕುವ ಕಾಗದವನ್ನು ಕನ್ನಡದಲ್ಲೇ ಕೇಳಿ.

ಇನ್ನೊಂದು ದಾನವಿದೆ, ಹೇಳಲು ಮನೆಯವರು ಅಳುಕುತ್ತಾರೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಸತ್ತ ಮೇಲೆ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಕೆಲಸ, ಹಾಗಾಗಿ ಮೊದಲೇ ಮನೆಯಲ್ಲಿ ಮಾತಾಗಿರಬೇಕು. ಕಣ್ಣು ದಾನ ಮಾಡಿದ ಹಾಗೇ, ದೇಹ ಮನೆಗೇ ವಾಪಸು ಬರುತ್ತದೆ, ಸಂಸ್ಕಾರಕ್ಕೆ ಅಡ್ಡಿಯಿಲ್ಲ. ಹೊರ್ನಿಕೀವಿಚ್‌ಗೆ 1960ರಲ್ಲಿ ಸಿಕ್ಕ ಮೆದುಳುಗಳೂ ಯಾರದೋ ಅಪ್ಪ ಅಮ್ಮಂದಿರದೇ.

ನಂಗೆ 74. ನನ್ನ ಕಾಲಕ್ಕೆ ಬರುತ್ತಾ?

ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಲೆಕ್ಕ ಮಾತ್ರ ಹೇಳುತ್ತೇನೆ. ಆಂಬ್ರಾಕ್ಸಾಲ್ ಪ್ರಯೋಗಕ್ಕೆ ಜನರನ್ನು ಸೇರಿಸಿಕೊಳ್ಳಲು ಶುರು ಮಾಡಿದ್ದು 2025ರಲ್ಲಿ. ಕೊನೆಗೆ ಸೇರಿದವರಿಗೂ ಎರಡು ವರ್ಷ ಆಗಬೇಕು, ಆಮೇಲೆ ಲೆಕ್ಕ, ಆಮೇಲೆ ಅನುಮತಿ. ಎಲ್ಲ ಸರಿಹೋದರೂ ಈ ದಶಕದ ಕೊನೆ. ಸರಿಹೋಗದೆಯೂ ಇರಬಹುದು. ಗೆದ್ದರೆ ಒಂದು ಅನುಕೂಲವಿದೆ, ಔಷಧಿ ಹಳೆಯದು, ಅಗ್ಗದ್ದು, ನಮ್ಮಲ್ಲೇ ತಯಾರಾಗುತ್ತದೆ.

ಕಳೆದ ಸಲ ಇದನ್ನು ಕೇಳಿದ ಯಜಮಾನರು ಬೆರಳು ಎಣಿಸಿ "ಹಂಗಾದ್ರೆ ಎಂಬತ್ತಕ್ಕೆ" ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು ವಾಚ್ ನೋಡಿ, ಚೀಲದಿಂದ ನೀರಿನ ಬಾಟಲಿ, ನಾಲ್ಕು ಗಂಟೆಯ ಮಾತ್ರೆ ತೆಗೆದು ಕೈಗಿಟ್ಟರು.